ವರ್ಲ್ಡ್ ಬುಕ್ ಡೇ ಮತ್ತು ನಮ್ಮನೆ ಕಿಂದರಿಜೋಗಿ



ಫೆಬ್ರವರಿ ಮುಗಿಯುತ್ತ ಬಂತೆಂದರೆ ಸಾಕು, ಪ್ರೈಮರಿ ಸ್ಕೂಲಿಗೆ ಹೋಗುವ ಮಕ್ಕಳಿರುವ ಇಲ್ಲಿನ ಮನೆಗಳಲ್ಲಿ ಒಂದು ಗಡಿಬಿಡಿ ಶುರುವಾಗುತ್ತದೆ. ಊರಿನಲ್ಲಿ ಗೌರಿ ಹಬ್ಬದ ಹಿಂದಿನ ಸಂಜೆ ಬಾಳೆಕಂದು, ಹೂವಿಗೆ ಜನ ಮುಗಿಬೀಳುತ್ತಾರಲ್ಲ, ಹಾಗೆ ಇಲ್ಲಿ ಮಾರ್ಚ್ ತಿಂಗಳ ಮೊದಲ ಗುರುವಾರದ ಹಿಂದಿನ ರಾತ್ರಿ ಅಪ್ಪ ಅಮ್ಮಂದಿರು ಕೆಂಪು-ಬಿಳಿ ಪಟ್ಟೆಯ ಟೀ ಶರ್ಟು, ಮಾಟಗಾತಿಯ ಟೋಪಿ, ಬೆಕ್ಕಿನ ಬಾಲ ಅಂತ ಸೂಪರ್‌ಮಾರ್ಕೆಟ್ಟುಗಳಲ್ಲಿ ಹುಡುಕಾಡುತ್ತಿರುತ್ತಾರೆ. ಮರುದಿನ ಬೆಳಿಗ್ಗೆ ಸ್ಕೂಲಿನ ಗೇಟಿನ ಮುಂದೆ ನಿಂತರೆ ಕಣ್ಣಿಗೆ ಹಬ್ಬ. ಒಬ್ಬಳು ಮಟಿಲ್ಡಾ, ಒಬ್ಬ ಹ್ಯಾರಿ ಪಾಟರ್, ಮೂವರು ಗ್ರಫಲೋ, ಆರೇಳು ಜನ ವಾಲಿ! ಟೀಚರುಗಳೂ ಬಿಟ್ಟವರಲ್ಲ, ಗಡ್ಡ ಅಂಟಿಸಿಕೊಂಡು ನಿಂತಿರುತ್ತಾರೆ. ಅದೇ ವರ್ಲ್ಡ್ ಬುಕ್ ಡೇ.

ನಮ್ಮ ಮಗಳು ರಿಸೆಪ್ಷನ್ ಕ್ಲಾಸಿನಲ್ಲಿದ್ದಾಗ ನಮಗೆ ಇದರ ಗಂಧಗಾಳಿಯೂ ಇರಲಿಲ್ಲ. ಸ್ಕೂಲಿನಿಂದ ಬಂದ ಈಮೇಲನ್ನು ಅರ್ಧ ಓದಿ, "ಓ, ನಮ್ಮ ಛದ್ಮವೇಷ ಸ್ಪರ್ಧೆ ಇದ್ದ ಹಾಗೆ" ಅಂದುಕೊಂಡು, ಹಿಂದಿನ ರಾತ್ರಿ ಓಡಿಹೋಗಿ ಹದಿನೈದು ಪೌಂಡ್ ಕೊಟ್ಟು ಮಿರಿಮಿರಿ ಮಿನುಗುವ ರಾಜಕುಮಾರಿಯ ನೀಲಿ ಫ್ರಾಕ್ ತಂದೆ. ಮಗಳಿಗೆ ಖುಷಿಯೋ ಖುಷಿ. ಸಂಜೆ ಕರೆದುಕೊಂಡು ಬರಲು ಹೋದಾಗ ಟೀಚರ್ ನಗುತ್ತಾ ಒಂದು ಮಾತು ಹೇಳಿದರು. ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, "ನೀನು ಯಾವ ಪುಸ್ತಕದಿಂದ ಬಂದೆ?" ಅಂತ ಒಬ್ಬೊಬ್ಬರನ್ನೇ ಕೇಳಿದರಂತೆ. ನಮ್ಮವಳ ಸರದಿ ಬಂದಾಗ ಅವಳು ಥಟ್ಟನೆ ಕೊಟ್ಟ ಉತ್ತರ: "ನಾನು ಅಂಗಡಿಯಿಂದ ಬಂದೆ!"

ಮನೆಗೆ ಬಂದು ನಾನೂ ನನ್ನಾಕೆಯೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ಸ್ವಲ್ಪ ಪಿಚ್ಚೆನಿಸಿತು. ಪುಸ್ತಕದ ಹಬ್ಬಕ್ಕೆ ಪುಸ್ತಕವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕೊಟ್ಟು ಕಳಿಸಿದ್ದೆವು! ಹೊಸದಾಗಿ ಈ ದೇಶಕ್ಕೆ ಬಂದಿರುವ, ಈಗಷ್ಟೇ ಮಕ್ಕಳನ್ನು ಸ್ಕೂಲಿಗೆ ಸೇರಿಸಿರುವ ನಮ್ಮ ಬಳಗದವರು ಅದೇ ತಪ್ಪು ಮಾಡದಿರಲಿ ಎಂಬುದು ಈ ಲೇಖನಕ್ಕೆ ಒಂದು ಕಾರಣ. ಇನ್ನೊಂದು ಕಾರಣವೂ ಇದೆ, ಅದು ಮುಂದೆ ಬರುತ್ತದೆ.

ಏನಿದು ಹಬ್ಬ?

ಪುಸ್ತಕಕ್ಕೊಂದು ದಿನ ಎನ್ನುವ ಕಲ್ಪನೆ ಬಂದದ್ದು ಸ್ಪೇನ್ ದೇಶದ ಕ್ಯಾಟಲೋನಿಯಾದಿಂದ. ಅಲ್ಲಿ ಏಪ್ರಿಲ್ 23, ಅಂದರೆ ಸಂತ ಜಾರ್ಜನ ದಿನ, ಪ್ರೀತಿಪಾತ್ರರಿಗೆ ಗುಲಾಬಿ ಹೂವನ್ನೂ ಪುಸ್ತಕವನ್ನೂ ಕೊಡುವ ಸಂಪ್ರದಾಯವಿದೆ. ಷೇಕ್ಸ್‌ಪಿಯರ್ ತೀರಿಕೊಂಡದ್ದೂ ಏಪ್ರಿಲ್ 23ರಂದೇ. ಯುನೆಸ್ಕೊ 1995ರಲ್ಲಿ ಅದೇ ದಿನವನ್ನು ವಿಶ್ವ ಪುಸ್ತಕ ಮತ್ತು ಕೃತಿಸ್ವಾಮ್ಯ ದಿನವೆಂದು ಘೋಷಿಸಿತು. ನಮ್ಮೂರಲ್ಲೂ ಆವತ್ತು ಪುಸ್ತಕ ದಿನಾಚರಣೆ ನಡೆಯುತ್ತದೆ.

ಬ್ರಿಟನ್ನಿನಲ್ಲಿ ಇದು ಶುರುವಾದದ್ದು 1998ರಲ್ಲಿ. ಆಗಿನ ಪ್ರಧಾನಿ ಟೋನಿ ಬ್ಲೇರ್ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಇದಕ್ಕೆ ಚಾಲನೆ ಕೊಟ್ಟರು. ಆದರೆ ಏಪ್ರಿಲ್ 23 ಎಂದರೆ ಈಸ್ಟರ್ ರಜೆಯ ಆಸುಪಾಸು. ಮಕ್ಕಳೇ ಇಲ್ಲದ ಸ್ಕೂಲಿನಲ್ಲಿ ಮಕ್ಕಳ ಪುಸ್ತಕದ ಹಬ್ಬ ಮಾಡುವುದು ಹೇಗೆ? ಹಾಗಾಗಿ ಇಲ್ಲಿ ಅದನ್ನು ಮಾರ್ಚ್ ತಿಂಗಳ ಮೊದಲ ಗುರುವಾರಕ್ಕೆ ತಂದುಕೊಂಡರು. ಹೆಸರು "ವರ್ಲ್ಡ್" ಎಂದಿದ್ದರೂ ಮಾರ್ಚಿಯ ಈ ಗುರುವಾರ ಬ್ರಿಟನ್ ಮತ್ತು ಐರ್ಲೆಂಡಿನದು. ಊರಿನ ನಂಟರ ಹತ್ತಿರ ಮಾತಾಡುವಾಗ ಗೊಂದಲ ಮಾಡಿಕೊಳ್ಳಬೇಡಿ.

ಇದನ್ನು ನಡೆಸುವುದು ಸರಕಾರವಲ್ಲ, ಒಂದು ಧರ್ಮಾರ್ಥ ಸಂಸ್ಥೆ. ಇದರ ನಿಜವಾದ ಜೀವಾಳ ವೇಷವಲ್ಲ, ಒಂದು ಚೂರು ಕಾಗದ! ಸ್ಕೂಲು, ನರ್ಸರಿಗಳ ಮೂಲಕ ಮಕ್ಕಳಿಗೆ ಒಂದು ಪೌಂಡಿನ ಟೋಕನ್ ಹಂಚುತ್ತಾರೆ. ಪ್ರಕಾಶಕರು ಈ ದಿನಕ್ಕೆಂದೇ ಹೆಸರಾಂತ ಲೇಖಕರು, ಚಿತ್ರಕಾರರಿಂದ ಪುಟ್ಟ ಪುಸ್ತಕಗಳನ್ನು ಮಾಡಿಸಿ, ಬೆಲೆಯನ್ನು ಸರಿಯಾಗಿ ಒಂದು ಪೌಂಡ್ ಇಟ್ಟಿರುತ್ತಾರೆ. ಮಗು ಅಂಗಡಿಗೆ ಹೋಗಿ ಟೋಕನ್ ಕೊಟ್ಟರೆ ಪುಸ್ತಕ ಅದರದ್ದು, ಕಾಸು ಕೊಡುವ ಹಾಗಿಲ್ಲ. ಅವು ಬೇಡವೆಂದರೆ ಬೇರೆ ಪುಸ್ತಕದ ಬೆಲೆಯಲ್ಲಿ ಒಂದು ಪೌಂಡ್ ಕಳೆದುಕೊಳ್ಳಬಹುದು. ಹಾಗೆ ಬಂದ ಟೋಕನ್ನಿನ ಖರ್ಚನ್ನು ಹೊರುವವರು ಪುಸ್ತಕದಂಗಡಿಯವರೇ. ಟೋಕನ್ನಿಗೆ ಕೊನೆಯ ದಿನಾಂಕವಿರುತ್ತದೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಮರೆತುಬಿಡಬೇಡಿ. ನಾವೊಂದು ವರ್ಷ ಮರೆತಿದ್ದೆವು, ಮಗಳು ಇನ್ನೂ ಕ್ಷಮಿಸಿಲ್ಲ.

ಒಂದು ಪೌಂಡಿನಲ್ಲಿ ಏನು ಮಹಾ ಅನ್ನಿಸಬಹುದು. ಆದರೆ ಸಿರಿವಂತ ದೇಶವೆಂದು ನಾವೆಲ್ಲ ಅಂದುಕೊಂಡು ಬಂದ ಈ ನಾಡಿನಲ್ಲೂ ತನ್ನದು ಅಂತ ಒಂದೇ ಒಂದು ಪುಸ್ತಕವಿಲ್ಲದ ಮಕ್ಕಳಿದ್ದಾರೆ. ಅಂಥ ಮಗುವಿಗೆ ಈ ಟೋಕನ್ನಿನಲ್ಲಿ ಸಿಗುವುದೇ ಮೊದಲ ಸ್ವಂತ ಪುಸ್ತಕ. ಲೈಬ್ರರಿಯಿಂದ ತಂದು ಹಿಂತಿರುಗಿಸುವುದೇ ಬೇರೆ, ಒಳಪುಟದಲ್ಲಿ ಹೆಸರು ಬರೆದುಕೊಂಡು ದಿಂಬಿನ ಕೆಳಗೆ ಇಟ್ಟುಕೊಳ್ಳುವುದೇ ಬೇರೆ. ನ್ಯಾಷನಲ್ ಲಿಟರಸಿ ಟ್ರಸ್ಟ್ 2025ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಬಿಡುವಿನಲ್ಲಿ ಓದುವುದು ಇಷ್ಟ ಎಂದ 8ರಿಂದ 18 ವರ್ಷದ ಮಕ್ಕಳು ಮೂವರಲ್ಲಿ ಒಬ್ಬರಷ್ಟೇ. ಇಪ್ಪತ್ತು ವರ್ಷಗಳಲ್ಲೇ ಅತಿ ಕಡಿಮೆ. ಈ ಹಬ್ಬದ ಹಿಂದೆ ಇಂಥದೊಂದು ಆತಂಕವೂ ಇದೆ.

ವೇಷ ಕಡ್ಡಾಯವೇನೂ ಅಲ್ಲ. ಅದಕ್ಕೆ ತಗಲುವ ಖರ್ಚನ್ನು ನೋಡಿ ಎಷ್ಟೋ ಸ್ಕೂಲುಗಳು ಈಗ "ಪೈಜಾಮ ಹಾಕಿಕೊಂಡು, ಮಲಗುವಾಗ ಕೇಳುವ ಕಥೆಯ ಪುಸ್ತಕ ಹಿಡಿದುಕೊಂಡು ಬನ್ನಿ" ಅನ್ನುತ್ತವೆ. ಆಲೂಗಡ್ಡೆಗೆ ಕಣ್ಣು ಮೂಗು ಬರೆದು ಕಥೆಯ ಪಾತ್ರ ಮಾಡಿಸುವುದೂ ಉಂಟು.

ಬರೆದವರು, ಬಿಡಿಸಿದವರು

ಈ ಹಬ್ಬದಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿಯೆಂದರೆ, ಪುಸ್ತಕ ಬರೆದವರಿಗೆ ಎಷ್ಟು ಮರ್ಯಾದೆಯೋ ಚಿತ್ರ ಬಿಡಿಸಿದವರಿಗೂ ಅಷ್ಟೇ ಮರ್ಯಾದೆ. ಮಾರ್ಚ್ ತಿಂಗಳಲ್ಲಿ ಲೇಖಕರೂ ಚಿತ್ರಕಾರರೂ ಸ್ಕೂಲಿನಿಂದ ಸ್ಕೂಲಿಗೆ ಓಡಾಡುತ್ತಾರೆ. ನಮ್ಮ ಮಗಳ ಸ್ಕೂಲಿಗೂ ಒಬ್ಬ ಚಿತ್ರಕಾರರು ಬಂದಿದ್ದರಂತೆ. "ಅಪ್ಪ, ಅವರು ಒಂದು ಗೆರೆ ಎಳೆದರು, ಅದು ಇಲಿ ಆಗೋಯ್ತು!" ಅಂತ ಒಂದು ವಾರ ಅದೇ ಮಾತು.

ಇಲ್ಲಿ "ಚಿಲ್ಡ್ರನ್ಸ್ ಲಾರಿಯೆಟ್" ಎಂಬ ಗೌರವ ಪದವಿಯಿದೆ. ಆಸ್ಥಾನಕವಿ ಇದ್ದ ಹಾಗೆ, ಮಕ್ಕಳಿಗಾಗಿ ಒಬ್ಬ ಆಸ್ಥಾನ ಸಾಹಿತಿ ಅನ್ನಿ. ಕವಿ ಟೆಡ್ ಹ್ಯೂಸ್ ಮತ್ತು ಲೇಖಕ ಮೈಕೆಲ್ ಮೊರ್ಪುರ್ಗೊ ಮಾತಾಡಿಕೊಳ್ಳುವಾಗ ಹುಟ್ಟಿದ ಯೋಚನೆ ಇದು. 1999ರಲ್ಲಿ ಮೊಟ್ಟಮೊದಲು ಈ ಗೌರವ ಸಿಕ್ಕಿದ್ದು ಯಾರಿಗೆ ಗೊತ್ತೆ? ರೋಲ್ಡ್ ಡಾಲ್ ಪುಸ್ತಕಗಳಿಗೆ ಆ ಕೆದರಿದ ಗೆರೆಗಳ ಚಿತ್ರ ಬಿಡಿಸಿದ ಕ್ವೆಂಟಿನ್ ಬ್ಲೇಕ್ ಅವರಿಗೆ. ಆಮೇಲೂ ಆಂಥೊನಿ ಬ್ರೌನ್, ಕ್ರಿಸ್ ರಿಡೆಲ್, ಲಾರೆನ್ ಚೈಲ್ಡ್ ಹೀಗೆ ಚಿತ್ರಕಾರರು ಮತ್ತೆ ಮತ್ತೆ ಆ ಕುರ್ಚಿಯಲ್ಲಿ ಕೂತಿದ್ದಾರೆ. ಮಕ್ಕಳ ಪುಸ್ತಕಕ್ಕೆ 1936ರಿಂದ ಕಾರ್ನೆಗಿ ಪದಕವಿದೆ. ಚಿತ್ರಗಳಿಗೆ ಬೇರೆಯದೇ ಒಂದು ಪದಕವನ್ನು 1955ರಲ್ಲಿ, ಹಿಂದಿನ ಶತಮಾನದ ಚಿತ್ರಕಾರ್ತಿ ಕೇಟ್ ಗ್ರೀನವೇ ಅವರ ಹೆಸರಿನಲ್ಲಿ ಸ್ಥಾಪಿಸಿದರು. ತಮಾಷೆಯೆಂದರೆ ಮೊದಲ ವರ್ಷ ಯಾವ ಪುಸ್ತಕವೂ ಆ ಮಟ್ಟಕ್ಕೆ ಬಂದಿಲ್ಲವೆಂದು ಯಾರಿಗೂ ಕೊಡಲಿಲ್ಲವಂತೆ. ಈಗ ಆ ಪದಕಕ್ಕೂ ಕಾರ್ನೆಗಿ ಹೆಸರೇ ಇದೆ. ಕೇಟ್ ಗ್ರೀನವೇ ಎಂಬ ಈ ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಇನ್ನೊಮ್ಮೆ ಬೇಕಾಗುತ್ತದೆ.

ಇದನ್ನೆಲ್ಲ ತಿಳಿದುಕೊಳ್ಳುವಾಗ ನನಗೆ ನೆನಪಾದದ್ದು ನಮ್ಮ ಚಂದಮಾಮ. ಹೆಗಲ ಮೇಲೆ ಬೇತಾಳ, ಕೈಯಲ್ಲಿ ಕತ್ತಿ, ಹಿಂದೆ ಸ್ಮಶಾನ! ಕಣ್ಣು ಮುಚ್ಚಿದರೆ ಇವತ್ತಿಗೂ ಆ ಚಿತ್ರ ಹಾಗೇ ಕಾಣುತ್ತದೆ. ಅದನ್ನು ಬಿಡಿಸಿದ್ದು "ಶಂಕರ್" ಎಂದು ಸಹಿ ಹಾಕುತ್ತಿದ್ದ ಕೆ. ಸಿ. ಶಿವಶಂಕರನ್. 2020ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗಲೇ ನನಗೆ ಅವರ ಪೂರ್ತಿ ಹೆಸರು ತಿಳಿದದ್ದು. ಬಾಲ್ಯವಿಡೀ ಅವರ ಚಿತ್ರ ನೋಡಿ ಬೆಳೆದವನಿಗೆ ಅವರ ಹೆಸರು ಗೊತ್ತಿರಲಿಲ್ಲ! ಇಲ್ಲಿನ ಮಕ್ಕಳಿಗೆ ಗ್ರಫಲೋ ಬರೆದದ್ದು ಜೂಲಿಯಾ ಡೊನಾಲ್ಡ್‌ಸನ್, ಬಿಡಿಸಿದ್ದು ಆ್ಯಕ್ಸೆಲ್ ಶೆಫ್ಲರ್ ಎಂದು ಎರಡೂ ಬಾಯಿಪಾಠ.

"ನಿನ್ನ ಪುಸ್ತಕ ಯಾವುದು?"

ಈಗ ಆ ಎರಡನೆಯ ಕಾರಣಕ್ಕೆ ಬರುತ್ತೇನೆ.

ಮಗಳು ಈಗ ದೊಡ್ಡವಳಾಗಿದ್ದಾಳೆ. ಕಳೆದ ವರ್ಷ ಇಯರ್ ತ್ರೀಯಲ್ಲಿದ್ದಾಗ ಸ್ಕೂಲಿನಿಂದ ಒಂದು ಕಾಗದ ಬಂತು. ಈ ಸಲ ವೇಷ ಹಾಕಿದರೂ ಸರಿ, ಬಿಟ್ಟರೂ ಸರಿ. ಆದರೆ ಮನೆಯಿಂದ ತನಗೆ ಅತ್ಯಂತ ಪ್ರಿಯವಾದ ಒಂದು ಪುಸ್ತಕ ತಂದು ಗೆಳೆಯರಿಗೆ ಅದರ ಬಗ್ಗೆ ಹೇಳಬೇಕು. ಮನೆಯಲ್ಲಿ ಇಂಗ್ಲಿಷ್ ಅಲ್ಲದೆ ಬೇರೆ ಭಾಷೆ ಇದ್ದರೆ ಆ ಭಾಷೆಯ ಪುಸ್ತಕ ತಂದರೆ ಇನ್ನೂ ಸಂತೋಷ. ನಾವಿರುವ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಕ್ಲಾಸಿನಲ್ಲೇ ಉರ್ದು, ಪಂಜಾಬಿ, ಪೋಲಿಷ್, ಸೊಮಾಲಿ ಎಲ್ಲ ಇರುತ್ತವೆ. ಹಾಗಾಗಿ ಇದು ಹೊಸದೇನಲ್ಲ.

ಮಗಳು ಕಾಗದ ಓದಿ ನೇರ ನಮ್ಮ ಹಾಲಿನಲ್ಲಿರುವ ಪುಸ್ತಕದ ಕಪಾಟಿನ ಮುಂದೆ ಹೋಗಿ ನಿಂತಳು. ಆ ಕಪಾಟಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು ಎನ್ನಿ. ಮನೆಗೆ ಬಂದ ಕನ್ನಡಿಗರಿಗೆಲ್ಲ ತೋರಿಸಿ ಬೀಗಿದ್ದೇನೆ. ಮಲೆಗಳಲ್ಲಿ ಮದುಮಗಳು, ಪರ್ವ, ಮೂಕಜ್ಜಿಯ ಕನಸುಗಳು, ಕರ್ವಾಲೊ, ಮಂಕುತಿಮ್ಮನ ಕಗ್ಗ... ಹದಿನಾಲ್ಕು ವರ್ಷಗಳಿಂದ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಜೊತೆ ಜಾಗಕ್ಕೆ ಜಗಳವಾಡಿಸಿ ತಂದವು.

"ಅಪ್ಪ, ಇದರಲ್ಲಿ ನಂದು ಯಾವುದು?"

ನನಗೆ ಉತ್ತರ ಹೊಳೆಯಲಿಲ್ಲ. ಕಪಾಟಿನ ತುಂಬ ಕನ್ನಡವಿತ್ತು. ಅವಳಿಗೆಂದು ಒಂದೂ ಇರಲಿಲ್ಲ. ಕೆಳಗಿನ ಸಾಲಿನಲ್ಲಿ ಅವಳ ಪುಸ್ತಕಗಳಿದ್ದವು, ನೂರಕ್ಕೂ ಹೆಚ್ಚು, ಎಲ್ಲವೂ ಇಂಗ್ಲಿಷ್. "ಮಗಳು ಕನ್ನಡ ಓದುವುದೇ ಇಲ್ಲ, ಏನು ಮಾಡೋದು" ಅಂತ ಬಳಗದ ಕಾರ್ಯಕ್ರಮಗಳಲ್ಲಿ ಕಾಫಿ ಕುಡಿಯುತ್ತ ಕೊರಗಿದವರಲ್ಲಿ ನಾನೂ ಒಬ್ಬ. ಓದಲು ಏನು ಕೊಟ್ಟಿದ್ದೆ ಅಂತ ಯಾರೂ ಕೇಳಿರಲಿಲ್ಲ, ಇವಳು ಕೇಳಿಬಿಟ್ಟಳು.

ಶಿವಮೊಗ್ಗದಲ್ಲಿರುವ ಅಮ್ಮನಿಗೆ ಫೋನ್ ಮಾಡಿದಾಗ ವಿಷಯ ಹೇಳಿದೆ. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಫೋನನ್ನ ಪುಟ್ಟಿ ಕೈಗೆ ಕೊಡು" ಅಂದವರೇ, ಕುವೆಂಪು ಅವರ "ಬೊಮ್ಮನಹಳ್ಳಿಯ ಕಿಂದರಿಜೋಗಿ"ಯನ್ನು ಶುರುಮಾಡಿಬಿಟ್ಟರು. ಕೈಯಲ್ಲಿ ಪುಸ್ತಕವಿಲ್ಲ, ಎಲ್ಲ ಬಾಯಿಪಾಠ. ಪ್ರೈಮರಿ ಸ್ಕೂಲಿನಲ್ಲಿ ಕಲಿತದ್ದು, ಎಪ್ಪತ್ತು ದಾಟಿದ ಮೇಲೂ ಸಾಲು ತಪ್ಪಲಿಲ್ಲ. ಇಲಿಗಳ ಕಾಟ ಬಂದಾಗ ಅಮ್ಮನ ದನಿ ಒಂದು ಥರ, ಜೋಗಿ ಕಿಂದರಿ ನುಡಿಸುವಾಗ ಇನ್ನೊಂದು ಥರ. ಮಗಳಿಗೆ ಅರ್ಧಕ್ಕರ್ಧ ಪದಗಳು ತಿಳಿಯಲಿಲ್ಲ. ಆದರೂ ಕೂತ ಜಾಗ ಬಿಟ್ಟು ಏಳಲಿಲ್ಲ. ಮರುದಿನ ಸಂಜೆ ತಾನೇ ಫೋನ್ ಮಾಡಿದಳು, "ಅಜ್ಜಿ, ಇಲಿ ಕಥೆ ಇನ್ನೊಂದ್ಸಲ". ಹೀಗೆ ಮೂರು ವಾರ!

ಹ್ಯಾಮೆಲಿನ್‌ನಿಂದ ತುಂಗಾ ತೀರಕ್ಕೆ

ಇದು ಮೂಲತಃ ಜರ್ಮನಿಯ ಕಥೆ ಎಂದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ವೇಸರ್ ನದಿಯ ದಂಡೆಯ ಹ್ಯಾಮೆಲಿನ್ ಎಂಬ ಊರಿನಿಂದ 1284ರಲ್ಲಿ 130 ಮಕ್ಕಳು ಕಾಣೆಯಾದರು ಎಂಬ ಐತಿಹ್ಯ ಅದು. ಗ್ರಿಮ್ ಸಹೋದರರು ಅದನ್ನು 1816ರ ತಮ್ಮ ಐತಿಹ್ಯ ಸಂಗ್ರಹದಲ್ಲಿ ಸೇರಿಸಿದರು. ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಹುಟ್ಟಿದ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಅದನ್ನು ಇಂಗ್ಲಿಷ್ ಕವನ ಮಾಡಿದರು. ಇಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ "ಪೈಡ್ ಪೈಪರ್" ಅದೇ.

ಆದರೆ ಬ್ರೌನಿಂಗ್ ಅದನ್ನು ಯಾಕೆ ಬರೆದರು ಎನ್ನುವುದು ನನಗೆ ಗೊತ್ತಿರಲಿಲ್ಲ. ಅವರ ಸ್ನೇಹಿತರಾಗಿದ್ದ ನಟ ಮ್ಯಾಕ್ರೆಡಿ ಅವರ ಮಗ ವಿಲ್ಲಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದ. ಅವನಿಗೆ ಚಿತ್ರ ಬರೆಯುವುದೆಂದರೆ ಇಷ್ಟ. ಮಲಗಿದ್ದಲ್ಲೇ ಚಿತ್ರ ಬಿಡಿಸಿಕೊಂಡು ಹೊತ್ತು ಕಳೆಯಲಿ ಅಂತ ಕವಿಗಳು ಅವನಿಗಾಗಿ ಈ ಕವನ ಬರೆದುಕೊಟ್ಟರು. ವಿಲ್ಲಿ ಚಿತ್ರಗಳನ್ನು ಬಿಡಿಸಿದ. ಅಂದರೆ ಇಷ್ಟು ದೊಡ್ಡ ಹೆಸರಿನ ಕವನದ ಮೊದಲ ಚಿತ್ರಕಾರ ಒಬ್ಬ ಪುಟ್ಟ ಹುಡುಗ! ಆಮೇಲೆ 1888ರಲ್ಲಿ ಅದಕ್ಕೆ ಚಿತ್ರ ಬಿಡಿಸಿ ಹೆಸರಾದವರು ಕೇಟ್ ಗ್ರೀನವೇ, ಪದಕಕ್ಕೆ ಹೆಸರು ಕೊಟ್ಟವರು.

ಕುವೆಂಪು ಅದನ್ನು ಕನ್ನಡಕ್ಕೆ ತಂದದ್ದನ್ನು ಅನುವಾದ ಎನ್ನಲು ಮನಸ್ಸೇ ಬರುವುದಿಲ್ಲ. ವೇಸರ್ ಹೋಗಿ ತುಂಗೆಯಾಯಿತು, ಹ್ಯಾಮೆಲಿನ್ ಬೊಮ್ಮನಹಳ್ಳಿಯಾಯಿತು, ಮೇಯರ್ ಹೋಗಿ ಊರ ಗೌಡ ಬಂದ. ಪಾಶ್ಚಾತ್ಯ ಕೊಳಲಿನವನು ನಮ್ಮ ಹಳ್ಳಿಗಳಲ್ಲಿ ಓಡಾಡುತ್ತಿದ್ದ, ಕಿಂದರಿಯೆಂಬ ತಂತಿವಾದ್ಯ ನುಡಿಸುವ ಜೋಗಿಯಾದ. ಅಮ್ಮನಿಗೆ ಇದು ಬೇರೆ ದೇಶದ ಕಥೆ ಎಂದರೆ ಇವತ್ತಿಗೂ ನಂಬಿಕೆಯಿಲ್ಲ. "ಹೋಗೋ, ಅದು ನಮ್ಮ ತುಂಗೆ ಪಕ್ಕದ್ದು" ಅನ್ನುತ್ತಾರೆ.

ಅಷ್ಟರಲ್ಲಿ ಊರಿಗೆ ಹೋಗಿದ್ದ ಸ್ನೇಹಿತರೊಬ್ಬರು ಪುಸ್ತಕವನ್ನೂ ತಂದುಕೊಟ್ಟರು. ವೇಷದ ಖರ್ಚು ಈ ಸಲ ಸೊನ್ನೆ. ನನ್ನ ಹಳೇ ಪಂಚೆ, ಅವಳಮ್ಮನ ದುಪಟ್ಟಾದ ರುಮಾಲು. ತೆಂಗಿನ ಚಿಪ್ಪು, ಪೊರಕೆ ಕೋಲು, ಎರಡು ರಬ್ಬರ್ ಬ್ಯಾಂಡು ಸೇರಿ ಕಿಂದರಿ. ಗಡ್ಡ ಮಾತ್ರ ಬೇಡ, ತುರಿಸುತ್ತೆ ಅಂದಳು. ವಿಲ್ಲಿಯ ಕಥೆ ಹೇಳಿದ್ದೆನಲ್ಲ, ತಾನೂ ಚಿತ್ರ ಬಿಡಿಸುತ್ತೇನೆಂದು ಕೂತಳು. ಅವಳ ಬೊಮ್ಮನಹಳ್ಳಿಯಲ್ಲಿ ಕೆಂಪು ಡಬಲ್ ಡೆಕರ್ ಬಸ್ಸಿದೆ, ಬಸ್ಸಿನ ಮೇಲಿನ ಮಹಡಿಯ ತುಂಬ ಇಲಿಗಳು.

ಗುರುವಾರ ಸಂಜೆ ಗೇಟಿನ ಹತ್ತಿರ ಟೀಚರ್ ಸಿಕ್ಕಾಗ, ಅವಳು ಚೆನ್ನಾಗಿ ಹೇಳಿದಳು ಎಂದರು. ಮಕ್ಕಳೆಲ್ಲ ಅರ್ಧ ಕಥೆಯಲ್ಲೇ "ಪೈಡ್ ಪೈಪರ್!" ಎಂದು ಕೂಗಿದರಂತೆ. ಇವಳು ಸೊಂಟಕ್ಕೆ ಕೈಯಿಟ್ಟು, "ಅಲ್ಲ, ಕಿಂದರಿಜೋಗಿ" ಎಂದಳಂತೆ. ಆಮೇಲೆ ಇಡೀ ಕ್ಲಾಸು ಆ ಹೆಸರನ್ನು ಹೇಳಲು ಒದ್ದಾಡಿದ್ದೇ ಒದ್ದಾಡಿದ್ದು. "ನಿನ್ನ ಭಾಷೆಯಲ್ಲಿ ಸ್ವಲ್ಪ ಓದಿ ತೋರಿಸು" ಎಂದು ಟೀಚರ್ ಕೇಳಿದಾಗ ಪುಸ್ತಕ ತೆರೆದು, ಸಾಲಿನ ಮೇಲೆ ಬೆರಳಿಟ್ಟು, ಸೊಗಸಾಗಿ ಓದಿದಳು ಎಂದು ಹೊಗಳಿದರು. ನನ್ನ ಎದೆ ಉಬ್ಬಿತು.

ಮನೆಗೆ ಬರುವ ದಾರಿಯಲ್ಲಿ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅಪ್ಪ, ನಾನು ನಿಜವಾಗ್ಲೂ ಓದಲಿಲ್ಲ. ಅಜ್ಜಿ ಹೇಳಿದ್ದನ್ನ ಹೇಳಿದೆ. ಓದೋ ಥರ ಬೆರಳು ಮಾತ್ರ ಇಟ್ಟಿದ್ದೆ. ಅದು ಸುಳ್ಳು ಅಲ್ವಾ?"

ಸುಳ್ಳಲ್ಲ ಪುಟ್ಟಿ, ಅಜ್ಜಿಯೂ ಪುಸ್ತಕ ನೋಡದೇ ಹೇಳಿದ್ದಲ್ವಾ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. "ಅಜ್ಜಿಗೆ ಓದೋಕೆ ಬರತ್ತೆ. ನಂಗೆ ಬರಲ್ಲ." ಆ ವಾರಾಂತ್ಯದಿಂದ ಅಜ್ಜಿ ಫೋನಿನಲ್ಲಿ ಅ ಆ ಇ ಈ ಶುರುಮಾಡಿದ್ದಾರೆ. ಈಗ ಒತ್ತಕ್ಷರದ ಬಾಗಿಲಿನಲ್ಲಿ ನಿಂತಿದ್ದೇವೆ. ನಡಿಗೆ ನಿಧಾನ, ಜಗಳವೂ ಉಂಟು. ಆದರೆ ನಾನು ನಾಲ್ಕು ವರ್ಷ "ಕನ್ನಡ ಕಲಿ" ಎಂದು ಗೋಗರೆದದ್ದಕ್ಕೆ ಆಗದ್ದು, ಅವಳದೇ ಆದ ಒಂದು ಪುಸ್ತಕದಿಂದ ಆಯಿತು.

ವೇಲ್ಸ್‌ನವರನ್ನು ನೋಡಿ

ಈ ಹಬ್ಬದ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಒಂದು ಪೌಂಡಿನ ಪುಸ್ತಕಗಳಲ್ಲಿ ವೆಲ್ಷ್ ಭಾಷೆಯ ಪುಸ್ತಕವೂ ಬರುತ್ತದೆ. ವೇಲ್ಸ್‌ನ ಪುಸ್ತಕ ಮಂಡಳಿ ಇದರ ಕಾಳಜಿ ವಹಿಸುತ್ತದೆ. 2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ. ಅಲ್ಲಿನ ಜನರಲ್ಲಿ ಶೇಕಡಾ 18 ಕೂಡ ಇಲ್ಲ. ನಮ್ಮ ದೇಶದ 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು 4 ಕೋಟಿ 37 ಲಕ್ಷ. ಪಕ್ಕದಲ್ಲೇ ಇಂಗ್ಲಿಷ್‌ನಂಥ ಮಹಾಸಾಗರವಿಟ್ಟುಕೊಂಡು ಆ ಐದು ಲಕ್ಷ ಜನ ತಮ್ಮ ಮಕ್ಕಳ ಪುಸ್ತಕಗಳಿಗೆ 1976ರಿಂದಲೂ "ಟಿರ್ ನಾ ನೋಗ್" ಪ್ರಶಸ್ತಿ ಕೊಡುತ್ತ ಬಂದಿದ್ದಾರೆ. ಭಾಷೆ ಉಳಿಯುವುದು ಅದನ್ನು ಆಡುವವರ ತಲೆ ಎಣಿಕೆಯಿಂದ ಅಲ್ಲ, ಮಕ್ಕಳ ಕೈಗೆ ಏನು ಸಿಗುತ್ತದೆ ಎಂಬುದರಿಂದ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಂತ ನಮ್ಮಲ್ಲಿ ಪುಸ್ತಕಗಳಿಲ್ಲವೆಂದಲ್ಲ. ಇಲ್ಲಿ ಕಾರ್ನೆಗಿ ಪದಕ ಶುರುವಾದ ಅದೇ 1936ರಲ್ಲಿ ಶಿವರಾಮ ಕಾರಂತರು ಒಬ್ಬರೇ ಕೂತು ಮೂರು ಸಂಪುಟಗಳ "ಬಾಲ ಪ್ರಪಂಚ" ಹೊರತಂದಿದ್ದರು. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಅವರ ಹಾಡುಗಳಿಲ್ಲದ ಬಾಲ್ಯ ನಮ್ಮದಲ್ಲ. ನಿರಂಜನರ ಸಂಪಾದಕತ್ವದ "ಜ್ಞಾನಗಂಗೋತ್ರಿ"ಯ ಏಳು ಸಂಪುಟಗಳು, ಎಲ್. ಎಸ್. ಶೇಷಗಿರಿರಾಯರ ನೇತೃತ್ವದ ಭಾರತ-ಭಾರತಿಯ 510 ಪುಟ್ಟ ಪುಸ್ತಕಗಳು ನಮ್ಮ ತಲೆಮಾರಿನವರಿಗೆ ಮರೆಯುವುದುಂಟೆ? ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡಕ್ಕೆ ಮೊದಲು ಅದನ್ನು ತಂದವರು ಬೊಳುವಾರು ಮಹಮದ್ ಕುಂಞಿ. ಪುಸ್ತಕಗಳಿವೆ, ಆದರೆ ನಮ್ಮ ಸೂಟ್‌ಕೇಸಿನಲ್ಲಿ ಅವುಗಳಿಗೆ ಜಾಗವಿಲ್ಲ, ಅಷ್ಟೆ.

ನಮ್ಮ ಕೈಲಾಗುವುದು

ಬರಿಯ ಕೊರಗಿನಿಂದ ಕೆಲಸವಾಗುವುದಿಲ್ಲ. ಹಾಗಾಗಿ ಬಳಗದವರ ಮುಂದೆ ಕೆಲವು ಸಲಹೆಗಳನ್ನಿಡುತ್ತಿದ್ದೇನೆ.

ಮೊದಲನೆಯದು, ಊರಿಗೆ ಹೋದವರು ಬರುವಾಗ ಎರಡೇ ಎರಡು ಮಕ್ಕಳ ಪುಸ್ತಕ ತನ್ನಿ. ಚಿತ್ರವಿರುವ, ತೆಳ್ಳಗಿನ ಪುಸ್ತಕಗಳು, ಒಂದು ಚಕ್ಕುಲಿ ಪೊಟ್ಟಣದಷ್ಟೂ ತೂಗುವುದಿಲ್ಲ. ಚೆನ್ನೈನ ತೂಲಿಕಾ ಪ್ರಕಾಶನದ ದ್ವಿಭಾಷಾ ಪುಸ್ತಕಗಳಲ್ಲಿ ಒಂದೇ ಪುಟದಲ್ಲಿ ಕನ್ನಡವೂ ಇಂಗ್ಲಿಷೂ ಇರುತ್ತವೆ. ಅಪ್ಪನಿಗೋ ಅಮ್ಮನಿಗೋ ಕನ್ನಡ ಬಾರದ ಮನೆಗಳಿಗೆ ಇವು ವರದಾನ.

ಎರಡನೆಯದು, ಊರಿಗೆ ಹೋಗುವತನಕ ಕಾಯಬೇಕಾಗಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆಯಾಗಿ ಸಿಗುತ್ತವೆ. ಓದುವ ಶಕ್ತಿಗೆ ತಕ್ಕಂತೆ ಹಂತಗಳಾಗಿ ವಿಂಗಡಿಸಿದ್ದಾರೆ. ಇಳಿಸಿಕೊಂಡು ಅಚ್ಚು ಮಾಡಿಕೊಳ್ಳುವುದಕ್ಕೂ ಅನುಮತಿಯಿದೆ. ಬರೆದವರ ಹೆಸರಿನ ಜೊತೆ ಚಿತ್ರ ಬಿಡಿಸಿದವರ ಹೆಸರೂ ಇರುತ್ತದೆ, ಮಕ್ಕಳಿಗೆ ಎರಡನ್ನೂ ಓದಿ ಹೇಳಿ.

ಮೂರನೆಯದು, ಸ್ಕೂಲಿನ ಹಬ್ಬ ಮುಗಿದ ಬೆನ್ನಿಗೇ ನಮ್ಮ ಯುಗಾದಿ ಬರುತ್ತದೆ. ಯುಗಾದಿ ಕಾರ್ಯಕ್ರಮದ ಹಾಲಿನ ಒಂದು ಮೂಲೆಯಲ್ಲಿ ಜಮಖಾನ ಹಾಸಿ ಮಕ್ಕಳ ಕನ್ನಡ ಪುಸ್ತಕಗಳನ್ನು ಹರಡೋಣ. ಬಂದ ಪ್ರತಿ ಮಗುವಿಗೂ ನಮ್ಮದೇ ಒಂದು ಟೋಕನ್ ಕೊಡೋಣ. ಆ ಟೋಕನ್ನಿಗೆ ಒಂದು ಪುಸ್ತಕ, ಅದೂ ಮಗುವೇ ಆರಿಸಿಕೊಂಡದ್ದು. ಓದಲು ಬಾರದಿದ್ದರೂ ಪರವಾಗಿಲ್ಲ, ಹೆಸರು ಬರೆದುಕೊಂಡು ಮನೆಗೆ ಒಯ್ಯಲಿ. ಅಜ್ಜ ಅಜ್ಜಿಯರು ಯಾರಾದರೂ ಬಂದಿದ್ದರೆ ಜಮಖಾನದ ನಡುವೆ ಅವರನ್ನು ಕೂರಿಸಿ ಕಥೆ ಹೇಳಿಸೋಣ.

ನಾಲ್ಕನೆಯದು, ರಾಜ್ಯೋತ್ಸವದ ಛದ್ಮವೇಷದಲ್ಲಿ ಪ್ರತಿವರ್ಷ ನಾಲ್ಕು ಒನಕೆ ಓಬವ್ವ, ಐದು ಕಿತ್ತೂರು ಚೆನ್ನಮ್ಮ ಬರುತ್ತಾರೆ. ಬರಲಿ, ಸಂತೋಷ! ಆದರೆ ಈ ಸಲ ಒಂದು ಸಣ್ಣ ನಿಯಮ ಸೇರಿಸೋಣ. ವೇದಿಕೆಗೆ ಬಂದ ಮಗು ತಾನು ಯಾವ ಪುಸ್ತಕದಿಂದ ಬಂದೆ, ಅದನ್ನು ಬರೆದವರು ಯಾರು ಎಂದು ಹೇಳಬೇಕು. "ಅಂಗಡಿಯಿಂದ ಬಂದೆ" ಎಂಬ ಉತ್ತರಕ್ಕೆ ಅಂಕವಿಲ್ಲ. ಆ ಉತ್ತರದ ಹಕ್ಕು ನಮ್ಮ ಮನೆಯದು!

ಯುಗಾದಿಯ ಪುಸ್ತಕದ ಮೂಲೆಗೆ ನನ್ನಿಂದ ಹತ್ತು ಪುಸ್ತಕಗಳು ಬರುತ್ತವೆ, ಅಮ್ಮ ಆಗಲೇ ಪಟ್ಟಿ ಮಾಡಿಟ್ಟಿದ್ದಾರೆ. ನಿಮ್ಮಲ್ಲಿ ಯಾರು ಏನು ತರಬಲ್ಲಿರಿ ಎಂದು ಸಂಪಾದಕರಿಗೆ ಒಂದು ಸಾಲು ಬರೆದು ತಿಳಿಸಿ. ನಿಮ್ಮ ಬಾಲ್ಯದ ಅಚ್ಚುಮೆಚ್ಚಿನ ಪುಸ್ತಕ ಯಾವುದಿತ್ತು ಎಂದೂ ಬರೆಯಿರಿ. ಆ ಪಟ್ಟಿ ಈ ಪತ್ರಿಕೆಯಲ್ಲೇ ಬಂದರೆ ಊರಿಗೆ ಹೋಗುವವರಿಗೆಲ್ಲ ಅನುಕೂಲ.

ಅಂದಹಾಗೆ, ಹಾಲಿನ ಕಪಾಟಿನಲ್ಲಿ ಈಗ ಸ್ವಲ್ಪ ಬದಲಾವಣೆಯಾಗಿದೆ. ನಡುವಿನ ಸಾಲಿನಲ್ಲಿ ಒಂದು ಗೇಣಷ್ಟು ಜಾಗ ಮಗಳದ್ದು. ಸದ್ಯಕ್ಕೆ ಆರು ಪುಸ್ತಕಗಳಿವೆ. ಕಿಂದರಿಜೋಗಿಯ ಒಳಪುಟದಲ್ಲಿ ಪೆನ್ಸಿಲಿನಲ್ಲಿ ಅವಳ ಹೆಸರಿದೆ, ಕನ್ನಡದಲ್ಲಿ. ದೀರ್ಘ ಒಂದು ತಪ್ಪಿದೆ. ನಾನು ತಿದ್ದಲಿಲ್ಲ, ಇನ್ನೊಂದು ವರ್ಷದಲ್ಲಿ ಅವಳೇ ತಿದ್ದಿಕೊಳ್ಳುತ್ತಾಳೆ.

ಯುಗಾದಿಗೆ ಭೇಟಿಯಾಗೋಣ.